ಟ್ರ್ಯಾಕ್ಟರಿಗೆ ಬಾಲ ಕೂಡಿಸಿದ್ದು

ಎಲ್ಲಾದರೂ ಒಂದು ಯಂತ್ರ ಕೆಟ್ಟು ಕೂತಿದೆ ಎಂದು ಕಿವಿಗೆ ಬಿದ್ದರೆ ಸಾಕು, ನನ್ನ ಬಲಗೈಯಲ್ಲಿ ಒಂದು ಬಗೆಯ ತುರಿಕೆ ಶುರುವಾಗುತ್ತದೆ. ಇದು ಚರ್ಮದ ಕಾಯಿಲೆಯಲ್ಲ, ಸ್ವಭಾವದ್ದು. ಲೋಕದಲ್ಲಿ ಯಂತ್ರಗಳನ್ನು ರಿಪೇರಿ ಮಾಡಬಲ್ಲವರು ಇದ್ದಾರೆ, ತಮ್ಮಿಂದಾಗದು ಎಂದು ತಿಳಿದು ಸುಮ್ಮನಿರುವವರೂ ಇದ್ದಾರೆ. ಇವರ ನಡುವೆ, ಇವನಿಂದಾಗದು ಎಂಬುದು ಊರಿಗೆಲ್ಲ ಗೊತ್ತಿದ್ದು ತನಗೊಬ್ಬನಿಗೆ ಮಾತ್ರ ಗೊತ್ತಿಲ್ಲದ ಒಂದು ಸಣ್ಣ ಪಂಗಡವಿದೆ. ನಾನು ಅದರ ಆಜೀವ ಸದಸ್ಯ. ಹೊಟ್ಟೆಪಾಡಿಗೆ ಮೂಡಿಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದೇನೆ. ಪಂಚೆ, ಟವೆಲು, ಶಾಲೆಯ ಯೂನಿಫಾರಂ ಬಟ್ಟೆ ಅಳೆದು ಹರಿಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆದರೆ ಮನೆಗೆ ಬಂದ ಮೇಲೆ ಸ್ಕ್ರೂಡ್ರೈವರ್ ಹಿಡಿಯದಿದ್ದರೆ ಊಟ ರುಚಿಸುವುದಿಲ್ಲ. ಒಮ್ಮೆ ನಡುಮನೆಯ ಫ್ಯಾನನ್ನು ಬಿಚ್ಚಿ ಜೋಡಿಸಿದೆ. ಅದು ತಿರುಗಿತು, ಸುಳ್ಳಲ್ಲ. ಆದರೆ ಉಲ್ಟಾ ತಿರುಗಿ ಗಾಳಿಯನ್ನೆಲ್ಲ ಮೇಲಕ್ಕೆ ಎಸೆಯಿತು. ನನ್ನ ಹೆಂಡತಿ ಸುಮಿತ್ರ ಏನೂ ಬಯ್ಯಲಿಲ್ಲ. ಬಂದ ನೆಂಟರಿಗೆ, ನಮ್ಮ ಮನೆಯ ತಾರಸಿಗೆ ಬಹಳ ಸೆಕೆಯಾಗುತ್ತಿತ್ತು, ಇವರು ಪಾಪ ಅದಕ್ಕೊಂದು ವ್ಯವಸ್ಥೆ ಮಾಡಿದರು ಎಂದು ಹೇಳಿಕೊಂಡು ತಿರುಗಿದಳು, ಅಷ್ಟೆ.

ಇಂಥ ನನಗೆ ಬಾಳೂರಿನ ಕಡೆಯ ಒಂದು ಸಣ್ಣ ಕಾಫಿ ಎಸ್ಟೇಟಿನ ಅಳಿಯನಾಗುವ ಯೋಗ ಬಂತು. ಎಸ್ಟೇಟು ಎಂದರೆ ದೊಡ್ಡದೇನಲ್ಲ. ಮನೆಯ ಸುತ್ತ ಕೆಳಗಿನ ಬ್ಲಾಕು, ಗುಡ್ಡದ ನೆತ್ತಿಯಲ್ಲಿ ಮೇಲಿನ ಬ್ಲಾಕು, ಎರಡರ ನಡುವೆ ಏರುತ್ತ ಹೋಗುವ ಒಂದು ಮಣ್ಣುದಾರಿ. ಮಾವನವರು ತೀರಿಕೊಂಡ ಮೇಲೆ ತೋಟದ ಆಡಳಿತವೆಲ್ಲ ಸುಮಿತ್ರಳದು. ಜೀಪು ಓಡಿಸುವುದು, ಆಳುಗಳಿಗೆ ಕೆಲಸ ಹೇಳುವುದು, ಮಳೆ ಯಾವಾಗ ಬಂದೀತು ಎಂದು ಆಕಾಶ ನೋಡಿ ಹೇಳುವುದು, ಎಲ್ಲ ಅವಳೇ. ನಾನು ಬೆಳಿಗ್ಗೆ ಅಂಗಡಿಗೆ ಹೋಗಿ ಸಂಜೆ ಬರುವವನು. ನಮ್ಮ ಜೊತೆಗೇ ಇರುವವರು ಅತ್ತೆ, ಗೌರಮ್ಮನವರು. ಹಣೆಯ ಮೇಲೆ ಅಡ್ಡ ವಿಭೂತಿ, ಕೈಯಲ್ಲೊಂದು ಬೆತ್ತ, ಬಾಯಲ್ಲಿ ಯಾರಿಗೂ ನೋವಾಗದ ಹಾಗೆ ಚುಚ್ಚುವ ಮಾತು. ಮಂಡಿಯ ಆಪರೇಷನ್ ಆದಮೇಲೆ ಜಗಲಿಯಿಂದ ಅಂಗಳದವರೆಗೆ ಆರಾಮವಾಗಿ ಓಡಾಡುತ್ತಾರೆ, ಗುಡ್ಡ ಮಾತ್ರ ಹತ್ತಲಾರರು.

ಮನೆಯ ಹಿಂದಿನ ಶೆಡ್ಡಿನಲ್ಲಿ ಮಾವನವರು ಬಿಟ್ಟುಹೋದ ಒಂದು ಟ್ರ್ಯಾಕ್ಟರ್ ಇತ್ತು. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಯಾವುದೋ ಕಾಲವಾಗಿದೆ. ಒಂದಾನೊಂದು ಕಾಲದಲ್ಲಿ ಕೆಂಪು ಬಣ್ಣವಿತ್ತಂತೆ. ಈಗ ಬಣ್ಣ ಯಾವುದು, ತುಕ್ಕು ಯಾವುದು ಎಂದು ಬೇರ್ಪಡಿಸಲು ಬರುವುದಿಲ್ಲ. ತೋಟದ ಆಳುಗಳು ಅದಕ್ಕೆ 'ರೈಟರು' ಎಂದು ಹೆಸರಿಟ್ಟಿದ್ದರು. ಆಳುಗಳ ಲೆಕ್ಕ ಬರೆಯುವ ಎಸ್ಟೇಟಿನ ರೈಟರನ ಹಾಗೆಯೇ ಅದೂ ಬೇಕಾದಷ್ಟು ಸದ್ದು ಮಾಡುತ್ತದೆ, ಆದರೆ ಬಗ್ಗಿ ಒಂದು ಕಡ್ಡಿಯನ್ನೂ ಎತ್ತುವುದಿಲ್ಲ ಎಂಬುದು ಅವರ ವಾದ. ಅದು ನಿಜವೂ ಹೌದು. ಈಗಿನ ಟ್ರ್ಯಾಕ್ಟರುಗಳಿಗೆ ಹಿಂಬದಿಯಲ್ಲಿ ಕೆಳಗೆ ಎರಡು, ಮೇಲೆ ಒಂದು ಹೀಗೆ ಮೂರು ಕಬ್ಬಿಣದ ಕೈಗಳಿರುತ್ತವೆ. ಅವು ಮೂರೂ ಸೇರಿ ನೇಗಿಲನ್ನೋ ಮಣ್ಣು ಸಮ ಮಾಡುವ ಬ್ಲೇಡನ್ನೋ ಹಿಡಿದು ಎತ್ತುತ್ತವೆ, ಇಳಿಸುತ್ತವೆ. ಇದಕ್ಕೆ ಥ್ರೀ ಪಾಯಿಂಟ್ ಹಿಚ್ ಎನ್ನುತ್ತಾರೆ. ನಮ್ಮ ರೈಟರಿಗೆ ಆ ಕೈಗಳಿರಲಿಲ್ಲ. ಟ್ರೇಲರ್ ಎಳೆಯಲು ತಳದಲ್ಲಿ ಚಾಚಿಕೊಂಡಿರುವ ಕಬ್ಬಿಣದ ನಾಲಿಗೆ, ಅಂದರೆ ಡ್ರಾಬಾರ್, ಒಂದಿತ್ತು. ಅದರ ತೂತೂ ಸವೆದು ಸವೆದು ಕೋಳಿಮೊಟ್ಟೆಯ ಆಕಾರಕ್ಕೆ ಬಂದಿತ್ತು.

ಎಲ್ಲ ಶುರುವಾದದ್ದು ಒಂದು ಬೆಳಗಿನ ತಿಂಡಿಯ ಹೊತ್ತಿನಲ್ಲಿ. ಕಡುಬು ಮುರಿಯುತ್ತ ಅತ್ತೆ ಯಾರಿಗೂ ಅಲ್ಲವೆಂಬಂತೆ, "ಈ ಸಲ ಮೇಲಿನ ಬ್ಲಾಕಲ್ಲಿ ಹೂ ನೋಡ್ಬೇಕು ಅನ್ಸ್ತದೆ," ಎಂದರು.

ಕಾಫಿ ಹೂವಿನ ವಿಷಯ ಗೊತ್ತಿಲ್ಲದವರಿಗೆ ಹೇಳಬೇಕು. ಬೇಸಿಗೆಯ ಮೊದಲ ಮಳೆ ಬಿದ್ದು ವಾರ ಕಳೆಯುತ್ತಿದ್ದಂತೆ ತೋಟವಿಡೀ ಒಟ್ಟಿಗೆ ಅರಳುತ್ತದೆ. ಒಂದೆರಡು ದಿನ ಬೆಳ್ಳಗೆ ನಿಂತು, ಆಮೇಲೆ ಕಂದಿ ಹೋಗುತ್ತದೆ. ಕೆಳಗಿನ ಬ್ಲಾಕಿನಲ್ಲೂ ಹೂ ಬಿಡುತ್ತದೆ. ಆದರೆ ಮೇಲಿನ ಬ್ಲಾಕಿನ ಗಿಡಗಳು ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಮಾವನವರ ಜೊತೆ ನಿಂತು ನೆಡಿಸಿದವು. ಹಿಂದಿನ ಮಳೆಗಾಲದಲ್ಲಿ ಆ ದಾರಿ ಕೊಚ್ಚಿಹೋಗಿ ಮೊಣಕಾಲುದ್ದದ ಚರಂಡಿಗಳಾಗಿದ್ದವು. ಜೀಪು ಅರ್ಧಕ್ಕೇ ಹೊಟ್ಟೆ ತಾಗಿ ನಿಲ್ಲುತ್ತಿತ್ತು. ಮಣ್ಣು ತೆಗೆಯುವ ದೊಡ್ಡ ಯಂತ್ರ ತರಿಸೋಣವೆಂದರೆ ದಾರಿಯಲ್ಲಿರುವ ಹಳೆಯ ಕಲ್ಲುಮೋರಿ ಅದರ ಭಾರ ತಡೆಯುವಂಥದ್ದಲ್ಲ. ಕುರ್ಚಿಯಲ್ಲಿ ಕೂರಿಸಿ ಆಳುಗಳ ಕೈಲಿ ಹೊರಿಸೋಣವೇ ಎಂದು ಸುಮಿತ್ರ ಮೆಲ್ಲಗೆ ಕೇಳಿದಳು. ಅತ್ತೆ ಕಡುಬಿನಿಂದ ತಲೆ ಎತ್ತದೆ, "ಹೊತ್ಕೊಂಡು ಹೋಗೋ ಕಾಲ ಬಂದಾಗ ಹೊತ್ಕೊಳ್ಳಿ. ಈಗ ನಾನು ಕೂತು ಹೋಗ್ತೀನಿ," ಎಂದರು.

ಆಗ ನನ್ನ ಬಲಗೈ ತುರಿಸಿತು. ರೈಟರಿಗೆ ಹಿಚ್ ಕೂರಿಸಿ, ಬ್ಲೇಡ್ ಕಟ್ಟಿ, ದಾರಿಯನ್ನು ನಾವೇ ಸಮ ಮಾಡಿದರಾಯಿತು, ಹೂವಿನ ಹೊತ್ತಿಗೆ ಅತ್ತೆಯನ್ನು ಮೇಲೆ ಕರೆದುಕೊಂಡು ಹೋಗುವುದು ನನ್ನ ಜವಾಬ್ದಾರಿ ಎಂದುಬಿಟ್ಟೆ. ಸುಮಿತ್ರ ಒಮ್ಮೆ ತಾರಸಿಯ ಕಡೆ ನೋಡಿದಳು. ಅತ್ತೆ ಮಾತ್ರ ಬಹಳ ಸಂತೋಷದಿಂದ, ಅಳಿಯಂದಿರು ಹೇಳಿದ ಮೇಲೆ ಆಯ್ತಲ್ಲ ಎಂದು ಇನ್ನೊಂದು ಕಡುಬು ಹಾಕಿಸಿಕೊಂಡರು. ಆ ಕಡುಬನ್ನು ಅವರು ಅಷ್ಟು ನಂಬಿಕೆಯಿಂದ ತಿಂದದ್ದು ನೋಡಿ ನನಗೆ ಮೊದಲ ಬಾರಿಗೆ ಸ್ವಲ್ಪ ಹೆದರಿಕೆಯಾಯಿತು.

ಕೊಟ್ಟಿಗೆಹಾರದಲ್ಲಿ ವಿನ್ಸೆಂಟ್ ಎಂಬ ವೆಲ್ಡರ್ ಇದ್ದಾನೆ. ಸುತ್ತಮುತ್ತಲಿನ ಎಸ್ಟೇಟುಗಳ ಅರ್ಧಕ್ಕರ್ಧ ಗೇಟುಗಳು ಅವನ ಕೈಯಲ್ಲಿ ಹುಟ್ಟಿದವು. ಅವನಿಗೂ ನನಗೂ ಸ್ನೇಹ ಬೆಳೆಯಲು ಕಾರಣವಿದೆ: ಅವನೂ ನಮ್ಮ ಪಂಗಡದವನೇ. ಯಾವ ಕೆಲಸ ಹೇಳಿದರೂ ಅವನ ಉತ್ತರ 'ಆಗ್ತದೆ' ಎಂಬುದೊಂದೇ. ಟ್ರ್ಯಾಕ್ಟರಿನ ಹಿಂಬದಿಯನ್ನು ಮುಟ್ಟಿದ ಅನುಭವವಿದೆಯೇ ಎಂದು ಕೇಳಿದೆ. ಇಲ್ಲವಂತೆ. ಆದರೆ ಚರ್ಚಿನ ಗಂಟೆಗೆ ಸ್ಟ್ಯಾಂಡ್ ಮಾಡಿದ್ದಾನಂತೆ, ಇದೂ ಹೆಚ್ಚುಕಮ್ಮಿ ಅದೇ ಎಂದ. ಚರ್ಚಿನ ಗಂಟೆ ನಿಂತಲ್ಲೇ ನಿಂತಿರುತ್ತದೆ, ಟ್ರ್ಯಾಕ್ಟರ್ ಓಡಾಡುತ್ತದೆ ಎಂಬ ವ್ಯತ್ಯಾಸ ಆ ಕ್ಷಣಕ್ಕೆ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಇಬ್ಬರೂ ಚಿಕ್ಕಮಗಳೂರಿನ ಹೊರಗಿನ ಒಂದು ಗುಜರಿಗೆ ಹೋಗಿ ಕಬ್ಬಿಣದ ರಾಶಿಯಲ್ಲಿ ಮದುವೆಗೆ ಹೆಣ್ಣು ಹುಡುಕುವಷ್ಟು ನಿಧಾನವಾಗಿ ಹುಡುಕಿದೆವು. ಒಂದು ಸತ್ತ ಟ್ರ್ಯಾಕ್ಟರಿನಿಂದ ಒಂದು ಕೆಳಗಿನ ಕೈ, ಇನ್ನೊಂದರಿಂದ ಇನ್ನೊಂದು ಕೈ, ಮೂರನೆಯದರಿಂದ ಮೇಲಿನ ಕೈ ಮತ್ತು ಡ್ರಾಬಾರ್, ಜೊತೆಗೆ ತುಸು ಸೊಟ್ಟಗಾದ ಒಂದು ಬ್ಲೇಡ್ ಸಿಕ್ಕಿದವು. ಭಾರದ ಸಾಮಾನೆಲ್ಲ ಲಾರಿಯಲ್ಲಿ ಬಂತು. ಮೇಲಿನ ಕೈಯನ್ನು ಮಾತ್ರ, ಅದು ಚಿಕ್ಕದು ಮತ್ತು ನನಗೆ ಬಹಳ ಇಷ್ಟವಾಗಿತ್ತು ಎಂಬ ಕಾರಣಕ್ಕೆ, ನಾನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ಬಹಳ ಹೊತ್ತು ಅದನ್ನೇ ನೋಡಿ, ಕೊನೆಗೆ ಇದು ಬೆನ್ನುನೋವಿಗೆ ಕಟ್ಟಿಕೊಳ್ಳುವುದೇ ಎಂದು ಕನಿಕರದಿಂದ ವಿಚಾರಿಸಿದರು. ಅಲ್ಲ ಎಂದೆ. ಮುಂದಿನ ದಿನಗಳನ್ನು ನೆನೆದರೆ, ಹೌದು ಎನ್ನಬಹುದಾಗಿತ್ತು.

ಹಳೆಯ ಡ್ರಾಬಾರನ್ನು ಬಿಚ್ಚುವುದೇ ಮೊದಲ ಯುದ್ಧ. ಅದರ ಬೋಲ್ಟುಗಳು ಟ್ರ್ಯಾಕ್ಟರಿನ ಜೊತೆ ಎಷ್ಟೋ ವರ್ಷ ಸಂಸಾರ ಮಾಡಿದ್ದವು, ಬೇರೆಯಾಗಲು ಮನಸ್ಸಿರಲಿಲ್ಲ. ನನ್ನ ಹೊಳೆಯುವ ಸ್ಪ್ಯಾನರ್ ಸೆಟ್ಟು ಮಿಲಿಮೀಟರಿನದು, ಆ ಮುದುಕನ ಬೋಲ್ಟುಗಳು ಇಂಚಿನವು. ಒಂದು ಸ್ಪ್ಯಾನರ್ ಹಾಕಿದರೆ ಹಿಡಿಯದು, ಮುಂದಿನದು ಹಾಕಿದರೆ ಒಳಗೇ ಹೋಗದು. ಸೀಮೆಎಣ್ಣೆ ಸುರಿದು ನೋಡಿದೆವು, ಬೆಂಕಿ ತೋರಿಸಿದೆವು, ಸುತ್ತಿಗೆಯಲ್ಲಿ ತಟ್ಟಿದೆವು. ಅತ್ತೆ ಜಗಲಿಯಿಂದಲೇ, ಮಾವನವರು ಅದಕ್ಕೆ ಬೆಲ್ಲ ಇಟ್ಟು ಪೂಜೆ ಮಾಡುತ್ತಿದ್ದರು, ನೀವು ಮಾಡಿದಿರೋ ಇಲ್ಲವೋ ಎಂದು ಕೇಳಿ ಕಳಿಸಿದರು. ಪೂಜೆಯೂ ಆಯಿತು. ಕೊನೆಯ ಬೋಲ್ಟಿಗೆ ಉದ್ದದ ಪೈಪು ಸಿಕ್ಕಿಸಿ ನಾನು ಇಡೀ ಮೈಭಾರ ಬಿಟ್ಟಾಗ ಅದು ಫಟ್ಟೆಂದು ಬಂದೇಬಿಟ್ಟಿತು. ಬೋಲ್ಟು ಒಂದು ಕಡೆ, ಪೈಪು ಒಂದು ಕಡೆ, ನಾನು ಶೆಡ್ಡಿನ ಹಿಂದಿದ್ದ ಕಾಫಿ ಸಿಪ್ಪೆಯ ಗೊಬ್ಬರದ ಗುಂಡಿಯಲ್ಲಿ. ಗುಂಡಿಯೊಳಗಿನಿಂದಲೇ ನಾನು ಬಿಟ್ಟಿತು ಬಿಟ್ಟಿತು ಎಂದು ಕೂಗಿದ್ದನ್ನು ಕೇಳಿ, ನನ್ನ ಕೈಯೋ ಕಾಲೋ ಬಿಟ್ಟಿತೆಂದು ಆಳುಗಳು ಓಡಿಬಂದರಂತೆ.

ಕೆಳಗಿನ ಎರಡು ಕೈಗಳನ್ನು ಜೋಡಿಸಿ ನೋಡಿದರೆ ಒಂದು ಉದ್ದ, ಒಂದು ಗಿಡ್ಡ. ಬೇರೆ ಬೇರೆ ಟ್ರ್ಯಾಕ್ಟರುಗಳ ಮಕ್ಕಳು, ಹಾಗಿರುವುದೇ. ಉದ್ದದ್ದನ್ನು ಕತ್ತರಿಸಿದರೆ ಸರಿಹೋಗ್ತದೆ ಎಂದ ವಿನ್ಸೆಂಟ್. ಅಳೆಯುವುದೆಂದರೆ ನನ್ನ ವೃತ್ತಿ. ಅಂಗಡಿಯಿಂದ ಮೀಟರ್ ಕೋಲು ತಂದಿದ್ದೆ, ದರ್ಜಿಯ ಬಳಪ ಜೇಬಿನಲ್ಲೇ ಇತ್ತು. ಬಹಳ ಗಂಭೀರವಾಗಿ ಅಳೆದು ಗೆರೆ ಹಾಕಿಕೊಟ್ಟೆ. ವಿನ್ಸೆಂಟ್ ಕಿಡಿ ಹಾರಿಸುತ್ತ ಕತ್ತರಿಸಿದ. ಮತ್ತೆ ಜೋಡಿಸಿ ನೋಡಿದರೆ ಉದ್ದದ ಕೈ ಉದ್ದವಾಗಿಯೇ ಇದೆ, ಗಿಡ್ಡದ್ದು ಇನ್ನಷ್ಟು ಗಿಡ್ಡವಾಗಿದೆ. ಗೆರೆ ಬಿದ್ದಿದ್ದು ಯಾವುದರ ಮೇಲೆ ಎಂಬ ಪ್ರಶ್ನೆಯನ್ನು ವಿನ್ಸೆಂಟ್ ಕೇಳಲಿಲ್ಲ, ಗೆರೆ ಕಂಡಲ್ಲಿ ಯೋಚಿಸದೆ ಯಾಕೆ ಕತ್ತರಿಸಿದೆ ಎಂದು ನಾನೂ ಕೇಳಲಿಲ್ಲ. ಒಳ್ಳೆಯ ಸ್ನೇಹ ಉಳಿಯುವುದು ಇಂಥ ಕಡೆಗಳಲ್ಲಿ. ಕತ್ತರಿಸಿದ ತುಂಡಿನ ಜೊತೆ ಇನ್ನೊಂದು ತುಂಡನ್ನೂ ಸೇರಿಸಿ ವೆಲ್ಡ್ ಮಾಡಿದ. ಈಗ ಅದು ಉದ್ದದ್ದಕ್ಕಿಂತ ಬೆರಳಷ್ಟು ಉದ್ದವಾಯಿತು. ಬ್ಲೇಡೇ ಸೊಟ್ಟಗಿದೆಯಲ್ಲ, ಎರಡೂ ಸೊಟ್ಟ ಸೇರಿದರೆ ನೆಟ್ಟಗಾಗುತ್ತದೆ ಎಂದು ನಾವಿಬ್ಬರೂ ಒಪ್ಪಿಕೊಂಡೆವು. ಆಶ್ಚರ್ಯವೆಂದರೆ, ಆಯಿತು.

ಅದೇ ಸಂಜೆ ಬಾಬಾಬುಡನ್‌ಗಿರಿಯ ಕಡೆಯಿಂದ ಮೋಡ ಕಟ್ಟಿ, ಬೇಸಿಗೆಯ ಮೊದಲ ಮಳೆ ಚೆನ್ನಾಗಿ ಹೊಡೆಯಿತು. ಇಡೀ ಊರು ಸಂಭ್ರಮಪಟ್ಟಿತು. ಫೋನುಗಳು ಬಡಿದುಕೊಂಡವು, ನಿಮ್ಮಲ್ಲಿ ಎಷ್ಟು ಬಂತು, ನಮ್ಮಲ್ಲಿ ಇಷ್ಟು ಬಂತು. ಸುಮಿತ್ರ ಅಂಗಳದಲ್ಲಿ ಮುಖ ಮೇಲೆತ್ತಿ ನೆನೆದಳು. ನಾನೊಬ್ಬ ಮಾತ್ರ ಶೆಡ್ಡಿನ ತಗಡಿನ ಮೇಲೆ ಬೀಳುತ್ತಿದ್ದ ಸದ್ದು ಕೇಳುತ್ತ ಬೆವರಿದೆ. ಮೊಗ್ಗುಗಳು ಎಚ್ಚರಗೊಂಡಿದ್ದವು. ಇನ್ನು ಒಂದು ವಾರದಲ್ಲಿ ಅವು ಅರಳುತ್ತವೆ, ಹಿಚ್ ಕೂತಿದೆಯೋ ಇಲ್ಲವೋ ಎಂದು ಅವು ಯಾರನ್ನೂ ಕೇಳುವುದಿಲ್ಲ.

ಆಗ ನಮಗೆ ಒಂದು ಸಣ್ಣ ಸಂಗತಿ ಹೊಳೆಯಿತು. ಕೈಗಳೇನೋ ಬಂದವು, ಅವುಗಳನ್ನು ಎತ್ತುವವರು ಯಾರು? ಹೊಸ ಟ್ರ್ಯಾಕ್ಟರುಗಳಲ್ಲಿ ಆ ಕೆಲಸಕ್ಕೆ ಹೈಡ್ರಾಲಿಕ್ ಪಂಪ್ ಇರುತ್ತದೆ. ರೈಟರಿಗೆ ಅದಿರಲಿಲ್ಲ. ಈ ಮಾತು ಮೊದಲೇ ಯಾಕೆ ತಲೆಗೆ ಬರಲಿಲ್ಲ ಎಂದು ಸುಮಿತ್ರ ಕೇಳಿದಾಗ ನಾವಿಬ್ಬರೂ ಬೇರೆ ಬೇರೆ ದಿಕ್ಕಿಗೆ ನೋಡಿದೆವು. ವಿನ್ಸೆಂಟ್ ಮಾತ್ರ ಎದೆಗುಂದುವ ಆಸಾಮಿಯಲ್ಲ. "ಎಂತ ಇಲ್ಲ ಮಾರಾಯ್ರೆ, ಜೀಪಿನ ಜ್ಯಾಕ್ ಉಂಟಲ್ಲ. ಹಿಂದೆ ಒಂದು ಸೀಟ್ ಹಾಕುವ, ಒಬ್ರು ಕೂತ್ಕೊಂಡು ಒತ್ತಿದ್ರೆ ಬ್ಲೇಡ್ ಏಳ್ತದೆ, ಸ್ಕ್ರೂ ಬಿಟ್ರೆ ಇಳೀತದೆ," ಎಂದ. ಆ ಒಬ್ಬರು ಯಾರು ಎಂದು ಚರ್ಚೆಯಾಗಲಿಲ್ಲ. ಓಡಿಸಲು ಬರುವುದು ಸುಮಿತ್ರಳಿಗೆ. ಉಳಿದ ಕೆಲಸ ಉಳಿದವನಿಗೆ. ಗುಜರಿಗೆ ಬಿದ್ದ ಬಸ್ಸಿನ ಸೀಟೊಂದನ್ನು ತಂದು, ಸುತ್ತ ಕಂಬಿ ಕಟ್ಟಿ, ಟ್ರ್ಯಾಕ್ಟರಿನ ಹಿಂದಕ್ಕೆ ಮುಖ ಮಾಡಿ ಕೂರುವಂತೆ ವೆಲ್ಡ್ ಮಾಡಿದ. ಸೀಟಿನ ಮೇಲೆ 'ಹಿರಿಯ ನಾಗರಿಕರಿಗೆ' ಎಂಬ ಬರಹ ಇನ್ನೂ ಅಳಿಸಿರಲಿಲ್ಲ.

ಮೊದಲ ಪ್ರಯೋಗ ಮನೆಯ ಮುಂದಿನ ಬಯಲಿನಲ್ಲಿ ನಡೆಯಿತು. ಜಗಲಿಯಲ್ಲಿ ಅತ್ತೆ, ಅಂಗಳದಲ್ಲಿ ಆಳುಗಳು. ರೈಟರು ಕೆಮ್ಮಿ, ಉಗುಳಿ, ಕರಿ ಹೊಗೆ ಬಿಟ್ಟು ಹೊರಟಿತು. ತಾನು ಮಾಡಿದ ವೆಲ್ಡಿನ ಮೇಲೆ ಎಲ್ಲೋ ಒಂದು ಅನುಮಾನವಿದ್ದ ವಿನ್ಸೆಂಟ್, ಇರಲಿ ಎಂದು ಬ್ಲೇಡಿನಿಂದ ಟ್ರ್ಯಾಕ್ಟರಿನ ಮೇಲ್ಭಾಗಕ್ಕೆ, ಡ್ರೈವರ್ ಸೀಟಿನ ಅಡಿಗೆ, ಒಂದು ಸರಪಳಿಯನ್ನೂ ಬಿಗಿದಿದ್ದ. ನಾನು ಸ್ಕ್ರೂ ಬಿಟ್ಟೆ. ಬ್ಲೇಡ್ ಧೊಪ್ಪನೆ ಇಳಿದು ಮಣ್ಣಿನಲ್ಲಿ ಹೂತಿದ್ದ ಒಂದು ಬೇರಿಗೆ ಸಿಕ್ಕಿಕೊಂಡಿತು. ಹಿಂದಕ್ಕೆ ಮುಖ ಮಾಡಿದ್ದ ನನಗೆ ಕಂಡದ್ದು ಇಷ್ಟೆ: ನೆಲ ಮೆಲ್ಲನೆ ನನ್ನ ಹತ್ತಿರ ಬರುತ್ತಿದೆ. ಬೆನ್ನ ಹಿಂದಿನಿಂದ ಸುಮಿತ್ರಳ ಶಾಂತವಾದ ಧ್ವನಿ ಕೇಳಿಸಿತು. "ರೀ, ಮುಂದಿನ ಚಕ್ರ ಎರಡೂ ನೆಲದ ಮೇಲಿಲ್ಲ. ನೀವು ಅಲ್ಲಾಡ್ಬೇಡಿ."

ಅಲ್ಲಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವಳು ಕ್ಲಚ್ ಒತ್ತಿದಳು. ಮುಂದಿನ ಚಕ್ರಗಳು ಕೆಳಗಿಳಿದು ಕೂತವು. ನನ್ನ ಕೈ ಜ್ಯಾಕಿನ ಹಿಡಿಯನ್ನು ಬಿಡಲು ಒಪ್ಪಲಿಲ್ಲ, ವಿನ್ಸೆಂಟ್ ಒಂದೊಂದೇ ಬೆರಳು ಬಿಡಿಸಿದ. ಜಗಲಿಯಿಂದ ಅತ್ತೆ ಮಾತ್ರ ಬಹಳ ಮೆಚ್ಚುಗೆಯಿಂದ, "ಇದು ಎದ್ದು ನಿಲ್ತದೆ ಅಂತ ನಮ್ಮನೆಯವ್ರಿಗೂ ಗೊತ್ತಿರ್ಲಿಲ್ಲ," ಎಂದರು. ಸುಮಿತ್ರ ಕೆಳಗಿಳಿದು ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದಳು. ನನಗೆ ಗೊತ್ತಿತ್ತು, ಈಗ ಅವಳು ಸಾಕು ಎಂದರೆ ಎಲ್ಲ ಮುಗಿಯಿತು. ಹಾಗೆನ್ನುವುದಕ್ಕೆ ಅವಳಿಗೆ ಎಲ್ಲ ಹಕ್ಕೂ ಇತ್ತು. ಅವಳು ಜಗಲಿಯ ಕಡೆ ನೋಡಿದಳು. ಅತ್ತೆ ಹೊಸ ಸೀರೆಯುಟ್ಟು ಕೂತಿದ್ದರು, ಬರೀ ಪ್ರಯೋಗ ನೋಡುವುದಕ್ಕೆ. ಸುಮಿತ್ರ ಸರಪಳಿಯನ್ನು ಕಾಲಿನಲ್ಲಿ ಒದ್ದು, ಮೇಲಿನಿಂದ ಎಳೆದರೆ ಏಳದೆ ಇನ್ನೇನು, ಕೆಳಗಿನ ಡ್ರಾಬಾರಿಗೆ ಕಟ್ಟಿ, ಮುಂದುಗಡೆ ನಾಲ್ಕು ಕಲ್ಲು ಹೇರಿ ಎಂದಳು. ವಿನ್ಸೆಂಟ್ ಆಗ್ತದೆ ಎಂದ. ಆಮೇಲೆ ರೈಟರು ಎದ್ದು ನಿಲ್ಲಲಿಲ್ಲ.

ಆ ವಾರ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ನಾನು ದಾರಿಯ ಮೇಲೇ ಇದ್ದೆ. ಸುಮಿತ್ರ ಮುಂದಕ್ಕೆ ನೋಡುತ್ತ ಓಡಿಸುವುದು, ನಾನು ಹಿಂದಕ್ಕೆ ನೋಡುತ್ತ ಜ್ಯಾಕ್ ಒತ್ತುವುದು. ಇಂಜಿನ್ನಿನ ಸದ್ದಿನಲ್ಲಿ ಅವಳು ಎತ್ತಿ ಎಂದರೆ ನನಗೆ ಒತ್ತಿ ಎಂದು ಕೇಳುತ್ತಿತ್ತು, ಅದು ಸರಿಯೇ. ಆದರೆ ನಿಲ್ಲಿಸಿ ಎಂದದ್ದು ಇಳಿಸಿ ಎಂದು ಕೇಳಿ ಒಂದೆರಡು ಕಡೆ ದಾರಿಯಲ್ಲಿ ಸಣ್ಣ ಬಾವಿಗಳಾದವು. ಕೊನೆಗೆ ಅವಳು ಸ್ಪ್ಯಾನರಿನಿಂದ ಮಡ್‌ಗಾರ್ಡಿಗೆ ಬಡಿದು ಸೂಚನೆ ಕೊಡುವುದೆಂದಾಯಿತು. ಒಂದು ಬಡಿತಕ್ಕೆ ಎತ್ತುವುದು, ಎರಡಕ್ಕೆ ಇಳಿಸುವುದು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಮನಸ್ಸಿನಲ್ಲಿ ಏನಿದೆ ಎಂಬುದು ನನಗೆ ಇಷ್ಟು ಸ್ಪಷ್ಟವಾಗಿ ತಿಳಿದಿರಲಿಲ್ಲ. ಸಂಜೆ ಊಟಕ್ಕೆ ಕೂತರೆ ತುತ್ತು ಎತ್ತುವ ಕೈ ತಟ್ಟೆಗೂ ಬಾಯಿಗೂ ನಡುವೆ ತಂಗುತ್ತಿತ್ತು. ಬಸ್ಸಿನಲ್ಲಿ ಬೆನ್ನುನೋವು ವಿಚಾರಿಸಿದ ಆ ಹೆಂಗಸಿನ ನೆನಪಾಗುತ್ತಿತ್ತು. ಆದರೆ ಸುಳ್ಳೇಕೆ, ಚರಂಡಿ ಬಿದ್ದಿದ್ದ ಜಾಗದಲ್ಲಿ ಹಿಂದಿನಿಂದ ಮೆತ್ತಗೆ, ಅಗಲವಾಗಿ, ಹೊಸ ಪಂಚೆ ಹಾಸಿದ ಹಾಗೆ ದಾರಿ ಬಿಚ್ಚಿಕೊಳ್ಳುತ್ತ ಹೋಗುವುದನ್ನು ಎಲ್ಲರಿಗಿಂತ ಮೊದಲು ನೋಡುವ ಭಾಗ್ಯ ಹಿಂದಕ್ಕೆ ಮುಖ ಮಾಡಿ ಕೂತವನದೇ.

ಹೂ ಅರಳಿದ್ದು ಮೊದಲು ಮೂಗಿಗೆ ತಿಳಿಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳವೆಲ್ಲ ಮಲ್ಲಿಗೆಯನ್ನು ಹೋಲುವ ಆ ಘಮ. ದಾರಿ ಹಿಂದಿನ ದಿನ ತಾನೇ ನೆತ್ತಿ ಮುಟ್ಟಿತ್ತು. ಸುಮಿತ್ರ ಜೀಪು ತೆಗೆದಳು. ಅತ್ತೆ ಜೀಪನ್ನೂ ನೋಡಿದರು, ಶೆಡ್ಡನ್ನೂ ನೋಡಿದರು. "ಜೀಪಲ್ಲಿ ಯಾರ್ ಬೇಕಾದ್ರೂ ಹೋಗ್ತಾರೆ. ಅಳಿಯಂದ್ರು ಇಷ್ಟು ಕಷ್ಟಪಟ್ಟು ಬಾಲ ಕೂರಿಸಿದ್ದಾರೆ, ಅದ್ರಲ್ಲೇ ಹೋಗುವ," ಎಂದರು. ಹಿಚ್ಚಿನಿಂದ ಬ್ಲೇಡ್ ಬಿಚ್ಚಿ, ಹೊಸ ಡ್ರಾಬಾರಿಗೆ ಸಣ್ಣ ಟ್ರೇಲರ್ ಸಿಕ್ಕಿಸಿ, ಅದರಲ್ಲಿ ಬೆತ್ತದ ಕುರ್ಚಿಯನ್ನು ನಾಲ್ಕೂ ಕಡೆಯಿಂದ ಹಗ್ಗದಲ್ಲಿ ಬಿಗಿದು, ಪಕ್ಕದಲ್ಲಿ ವಿನ್ಸೆಂಟನನ್ನು ನಿಲ್ಲಿಸಿ ಹೊರಟೆವು. ನಾನು ನನ್ನ ಸೀಟಿನಲ್ಲೇ ಕೂತೆ. ಒತ್ತಲು ಏನೂ ಇರಲಿಲ್ಲ, ಆದರೂ ಅಭ್ಯಾಸ. ಹೀಗಾಗಿ ದಾರಿಯುದ್ದಕ್ಕೂ ನಾನೂ ಅತ್ತೆಯೂ ಎದುರುಬದುರು. ಅವರು ನನ್ನ ತಲೆಯ ಮೇಲಿಂದ ಮುಂದಿನ ಗುಡ್ಡ ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ಕೊನೆಯ ತಿರುವಿನಲ್ಲಿ ಅವರ ಬೆತ್ತ ಹಿಡಿದ ಕೈ ಬಿಗಿಯಾಯಿತು, ಕಣ್ಣು ಅಗಲವಾಯಿತು. ಮೇಲಿನ ಬ್ಲಾಕು ಹೇಗೆ ಅರಳಿದೆ ಎಂದು ನನಗೆ ತಿಳಿದದ್ದು ಹಾಗೆ, ತಿರುಗಿ ನೋಡುವ ಮೊದಲೇ.

ಇಂಜಿನ್ ನಿಲ್ಲಿಸಲು ಹೇಳಿದರು. ಸದ್ದು ನಿಂತ ಮೇಲೆ ಜೇನಿನ ಮೊರೆತ ಕೇಳಿತು, ಇಡೀ ಗುಡ್ಡವೇ ಮೆಲ್ಲಗೆ ಗುನುಗುತ್ತಿರುವ ಹಾಗೆ. ಗಿಡ ಗಿಡದ ಕೊಂಬೆಗಳೆಲ್ಲ ಬೆಳ್ಳಗೆ ದಂಡೆ ಕಟ್ಟಿದಂತೆ. ನಮ್ಮ ಕೈ ಹಿಡಿದು ಕೆಳಗಿಳಿದ ಅತ್ತೆ ಒಂದು ಹಳೆಯ ಗಿಡದ ಹತ್ತಿರ ಹೋಗಿ ಅದರ ಕೊಂಬೆಯೊಂದನ್ನು ಬಗ್ಗಿಸಿ ಹಿಡಿದು ನೋಡಿದರು. ನಾವು ಯಾರೂ ಹತ್ತಿರ ಹೋಗಲಿಲ್ಲ. ಆಮೇಲೆ ಬೆತ್ತದಿಂದ ಮೇಲಿನ ನೆರಳುಮರವನ್ನು ತೋರಿಸಿ, ಶೇಡು ಜಾಸ್ತಿಯಾಗಿದೆ, ಆ ಕೊಂಬೆ ಕಡಿಸಬಾರದಾ, ನಾನು ಬರದೆ ಇದ್ದರೆ ಹೀಗೇ ಆಗುತ್ತದೆ ಎಂದು ಸುಮಿತ್ರಳನ್ನು ಗದರಲು ಶುರುಮಾಡಿದರು. ಗದರಿಸಿಕೊಳ್ಳುತ್ತ ಸುಮಿತ್ರ ಅಷ್ಟು ಚೆಂದ ನಕ್ಕದ್ದನ್ನು ನಾನು ನೋಡಿರಲಿಲ್ಲ. ವಿನ್ಸೆಂಟ್ ಟೋಪಿ ತೆಗೆದು, ತನ್ನ ವೆಲ್ಡನ್ನು ಬಗ್ಗಿ ನೋಡಿ, ಗಟ್ಟಿ ಉಂಟು ಎಂದು ತನಗೇ ಹೇಳಿಕೊಂಡ.

ಈ ಸುದ್ದಿ ಬಹಳ ಬೇಗ ಹರಡಿತು. ಪಕ್ಕದ ಎಸ್ಟೇಟಿನವರು ಫೋನ್ ಮಾಡಿ, ತಮ್ಮ ದಾರಿಯೂ ಹಾಳಾಗಿದೆ, ಟ್ರ್ಯಾಕ್ಟರ್ ಕಳಿಸಿಕೊಡುತ್ತೀರಾ ಎಂದು ಸುಮಿತ್ರಳನ್ನು ಕೇಳಿದರು. ನಾನು ಪೇಪರ್ ಓದುತ್ತಿರುವಂತೆ ನಟಿಸುತ್ತ ಕೇಳಿಸಿಕೊಂಡೆ. ಧಾರಾಳವಾಗಿ ಕಳಿಸುತ್ತೇನೆ, ಜೊತೆಗೆ ಜ್ಯಾಕ್ ಒತ್ತುವವರನ್ನೂ ಕಳಿಸುತ್ತೇನೆ ಎಂದಳು. 'ಒತ್ತುವವರು' ಎಂದು ಬಹುವಚನದಲ್ಲಿ ಹೇಳಿದ್ದನ್ನು ನಾನು ಗಮನಿಸಿದೆ. ಅಂಗಡಿಯಲ್ಲಿ ಯಾರೂ ನನಗೆ ಇಷ್ಟು ಮರ್ಯಾದೆ ಕೊಟ್ಟಿಲ್ಲ.

ಹೋದ ವಾರ ವಿನ್ಸೆಂಟ್ ಓಡೋಡಿ ಬಂದ. ಕೈಯಲ್ಲಿ ಗೋಣಿಚೀಲ ಸುತ್ತಿದ ಒಂದು ಪುಟ್ಟ ಹೈಡ್ರಾಲಿಕ್ ಪಂಪ್. ಗುಜರಿಯಲ್ಲಿ ಸಿಕ್ಕಿತಂತೆ, ರೈಟರಿಗೆ ಸರಿಯಾಗಿ ಕೂರುತ್ತದಂತೆ. ಇನ್ನು ಹಿಂದೆ ಸೀಟೂ ಬೇಡ, ಕೂತು ಒತ್ತುವ ಮನುಷ್ಯನೂ ಬೇಡ, ನೀವು ಆರಾಮವಾಗಿ ಅಂಗಡಿಗೆ ಹೋಗಬಹುದು ಎಂದ. ನಾನು ಪಂಪನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, ಬೇಡ ಮಾರಾಯ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಯಾಕೆ ಎಂದು ಕೇಳಿದ. ಎಷ್ಟಾದರೂ ಹಳೆಯ ಟ್ರ್ಯಾಕ್ಟರ್, ಹಿಂಬದಿಗೆ ಇಷ್ಟೆಲ್ಲ ಭಾರ ಹೇರುವುದು ಅದಕ್ಕೆ ಒಳ್ಳೆಯದಲ್ಲ ಎಂದೆ. ವಿನ್ಸೆಂಟ್ ಒಮ್ಮೆ ಆ ಪುಟ್ಟ ಪಂಪನ್ನು ನೋಡಿದ, ಒಮ್ಮೆ ನನ್ನ ಹೊಟ್ಟೆಯನ್ನು ನೋಡಿದ, ಗೋಣಿಚೀಲವನ್ನು ಮತ್ತೆ ಸುತ್ತಿದ.